ಕೇಳಿಸದ ಕಿವಿ

ಕೆಳಗಿನ ಫ್ಲಾಟಿನ ಅಜ್ಜನ ಎಡಗಿವಿ ಒಣಗಿದ ಎಲೆಯಂತೆ ಮುದುಡಿಕೊಂಡಿತ್ತು. ಮಲಯಾದ ಲಾಕಪ್ಪಿನಲ್ಲಿ ಬಿದ್ದ ಏಟಿಗೆ ಅದು ಕೇಳಿಸುವುದನ್ನೇ ಬಿಟ್ಟಿತ್ತು. ಅಜ್ಜ ಅದನ್ನೂ ಕೆಲಸಕ್ಕೆ ಹಚ್ಚಿದ್ದರು: ಬೇಡದ ಮಾತು ಬಂದರೆ ಆ ಕಿವಿಯನ್ನೇ ಮುಂದೆ ಮಾಡುವುದು. ನಗರಸಭೆಯ ಕೌನ್ಸಿಲ್‌ನವರು ಬಂದರೂ ಅಷ್ಟೇ, ಸ್ವಂತ ಮಗಳು ಸಿಗರೇಟು ಬಿಡಿ ಎಂದರೂ ಅಷ್ಟೇ.

ತೊಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಬೆಂಗಳೂರಿನಿಂದ ಲಂಡನ್ನಿನ ಕ್ರೋಯ್ಡನ್‌ಗೆ ಬಂದಾಗ ಕನ್ನಡ ಮಾತಾಡಲು ಸಿಕ್ಕ ಮೊದಲ ಹಿರಿಯರು ಅವರೇ. ಧಾರವಾಡದವರು. ಹರೆಯದಲ್ಲಿ ಮಲಯಾದ, ಅಂದರೆ ಈಗಿನ ಮಲೇಷ್ಯಾದ, ಬಂದರಿಗೆ ಗುಮಾಸ್ತರಾಗಿ ಹೋಗಿ, ಅಲ್ಲಿನ ಚೀನೀ, ತಮಿಳು ಕೂಲಿಗಳ ಸಂಘಕ್ಕೆ ಕಾರ್ಯದರ್ಶಿಯಾದರು. ಆಗ ಅಲ್ಲಿ ಇಂಗ್ಲಿಷರ ಆಳ್ವಿಕೆ. ಸಂಘಗಳಿಂದ ಕಮ್ಯುನಿಸ್ಟರನ್ನು ಹೆಕ್ಕಿ ತೆಗೆದು, ಹೇಳಿದಂತೆ ಕೇಳುವ ಬೇರೆ ಸಂಘ ಕಟ್ಟುವುದು ಸರ್ಕಾರದ ಉಪಾಯ. "ನಿಮ್ಮಲ್ಲಿರುವ ಮೂವರು ಕಮ್ಯುನಿಸ್ಟರ ಹೆಸರು ಹೇಳು, ಹೊಸ ಸಂಘಕ್ಕೆ ನೀನೇ ಅಧ್ಯಕ್ಷ" ಎಂದರಂತೆ ಪೊಲೀಸರು. ಅಜ್ಜ ಹೇಳಲಿಲ್ಲ. ಸೆರೆಮನೆಯಾಯಿತು, ಆಮೇಲೆ ಗಡೀಪಾರು. ಇಂಗ್ಲೆಂಡಿಗೆ ಬಂದದ್ದು ಎಷ್ಟೋ ವರ್ಷಗಳ ನಂತರ, ಮಗಳ ಜೊತೆ.

"ನಾ ಕಮ್ಯುನಿಸ್ಟ್ ಇದ್ದಿದ್ದೇ ಇಲ್ಲವ್ವ. ಅವರೇ ಹೊಡದು ಹೊಡದು ಮಾಡಿದ್ರು" ಎಂದು ನಗುತ್ತಿದ್ದರು.

ಆ ಸಂಘದಲ್ಲಿ ಒಂದು ಪದ್ಧತಿಯಿತ್ತಂತೆ. ಬಾಗಿಲಿಗೆ ಬಂದವರ ಹೆಸರು ಕೇಳಬಾರದು, ಚಹಾ ಕೊಡಬೇಕು. ಗೊತ್ತಿಲ್ಲದ ಹೆಸರನ್ನು ಯಾವ ಏಟೂ ಹೊರಡಿಸಲಾರದಲ್ಲ! ಅಜ್ಜನಿಗೆ ಪೊಲೀಸರು ಕೇಳಿದ ಆ ಮೂವರ ಹೆಸರು ಮಾತ್ರ ಗೊತ್ತಿತ್ತು.

ಒಂದು ಭಾನುವಾರ, ಮಲಯಾದಲ್ಲಿ ಅಜ್ಜನ ವಿಚಾರಣೆ ಮಾಡಿದ್ದ ಇಂಗ್ಲಿಷ್ ಅಧಿಕಾರಿಯೇ ಊರುಗೋಲು ಹಿಡಿದು ಬಂದ. ಆತ್ಮಕಥೆ ಬರೆಯುತ್ತಿದ್ದನಂತೆ. ಅಜ್ಜ ಚಹಾ ಕೊಟ್ಟರು, ನಾನು ಮಾಡಿದ ಅವಲಕ್ಕಿಯನ್ನೂ ಕೊಟ್ಟರು. "ಎಲ್ಲ ಮುಗಿದುಹೋದ ಕಥೆ. ಆ ಮೂವರು ಯಾರೆಂದು ಈಗಲಾದರೂ ಹೇಳಬಹುದಲ್ಲ?" ಎಂದು ಆತ ವಿನಯದಿಂದಲೇ ಕೇಳಿದ. ಅಜ್ಜ ಎಡಗಿವಿ ತಿರುಗಿಸಿದರು. ಆತ ಗಟ್ಟಿಯಾಗಿ ಮತ್ತೆ ಕೇಳಿದ. "ಇನ್ನಷ್ಟು ಚಹಾ?" ಎಂದರು ಅಜ್ಜ. ಆ ಕಿವಿಗೆ ಹೊಡೆದವರು ಯಾರೆಂದು ಆತನಿಗೆ ನೆನಪಾಗಿರಬೇಕು, ಮುಖ ಕೆಂಪೇರಿ, ಚಹಾದ ಕಪ್ಪನ್ನು ಕೆಳಗಿಟ್ಟ. ನನಗೋ ಎದ್ದು ಚಪ್ಪಾಳೆ ತಟ್ಟುವಷ್ಟು ಹೆಮ್ಮೆ.

ಆತ ಹೋದ ಮೇಲೆ ಅಜ್ಜ ಹೇಳಿದರು: "ಆ ಮೂವರ ಮಕ್ಕಳು ಮರಿ ಇನ್ನೂ ಅಲ್ಲೇ ಅದಾರವ್ವ. ಕಮ್ಯುನಿಸ್ಟರ ಮನಿ ಅಂದ್ರ ಮಂದಿ ಇವತ್ತೂ ಒಂಥರಾ ನೋಡ್ತಾರ. ನಾ ಬಾಯಿ ಬಿಟ್ಟು ಅವರಿಗೆ ತ್ರಾಸ ಕೊಡ್ಲೇನು?"

ಕೆಲವು ವರ್ಷಗಳ ನಂತರ, ಒಂದು ಚಳಿಗಾಲದಲ್ಲಿ ಅಜ್ಜ ತೀರಿಕೊಂಡರು. ಚಿತಾಗಾರಕ್ಕೆ ನಮಗ್ಯಾರಿಗೂ ಪರಿಚಯವಿಲ್ಲದ ಒಬ್ಬ ಚೀನೀ ಮುದುಕಿ ಬಂದಿದ್ದರು. ಪೆಟ್ಟಿಗೆಯ ಮೇಲೆ ಕೈಯಿಟ್ಟು, "ನಿಮ್ಮಿಂದ ನಮ್ಮಪ್ಪ ಉಳಿದರು" ಎಂದು ಇಂಗ್ಲಿಷಿನಲ್ಲಿ ಮೆಲ್ಲನೆ ಹೇಳಿದರು. ಅಜ್ಜನ ಮಗಳು ಕಣ್ಣೊರೆಸಿಕೊಳ್ಳುತ್ತ, ತಾವು ಯಾರೆಂದು ಕೇಳಲು ಹೊರಟಳು. ನಾನು ಅವಳ ಕೈ ಹಿಡಿದು ತಡೆದೆ.

ಆಮೇಲೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಆ ಮುದುಕಿಗೆ ಕೊಟ್ಟೆ. ಹೆಸರು ಕೇಳಲಿಲ್ಲ.