ಮಗ್ಗ ನಿಂತರೆ ನಿಲ್ಲಬೇಕು

ಆಟವನ್ನು ಕೊನೆಯವರೆಗೆ ಆಡದೆ ಅಂಕ ಕೊಡಬಾರದು ಎಂಬುದು ಆ ಸ್ಪರ್ಧೆಯ ಮೊದಲ ನಿಯಮ. ಬಾಗಲಕೋಟೆಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮಾಡಿದ ವಿಡಿಯೋ ಗೇಮ್‌ಗಳಿಗೆ ನಾವು ಮೂವರು ತೀರ್ಪುಗಾರರು. ಮೂವರೂ ನಿಯಮ ಮುರಿದೆವು, ನಿಯಮ ತಪ್ಪಿದವರ ಬೆನ್ನು ಬಿಡದ ನಾನೂ.

ಇಳಕಲ್ಲಿನ ನೇಕಾರರ ಮನೆಯ ಸವಿತಾ ಮಾಡಿದ್ದು ಭಯದ ಆಟ. ಹಿನ್ನೀರು ಏರುತ್ತಿರುವ ಹಳೆಯ ಮನೆಯಿಂದ ಪಾರಾಗಬೇಕು. ಒಳಗೆಲ್ಲೋ ಕೈಮಗ್ಗವೊಂದು ತಾನೇ ತಾನಾಗಿ ಬಡಿಯುತ್ತದೆ. ಸದ್ದಿರುವಾಗ ನಡೆಯಬೇಕು, ಸದ್ದು ನಿಂತರೆ ಅಲುಗದೆ ನಿಲ್ಲಬೇಕು. ಅದು ನಿಂತಾಗೆಲ್ಲ ನಾನೂ ಉಸಿರು ಬಿಗಿಹಿಡಿದೆ. ಆದರೆ ಸತ್ತರೆ ಮತ್ತೆ ಮೊದಲಿನಿಂದ. ಪಡಸಾಲೆಯಲ್ಲೇ ನಾಲ್ಕು ಸಲ ಮುಳುಗಿ, ಊಟಕ್ಕೆ ಕರೆದರೆಂದು ಎದ್ದೆ. ಉಳಿದಿಬ್ಬರು ಅಷ್ಟೂ ಆಡಲಿಲ್ಲ. ಕಾರು ಓಡಿಸುವ ಆಟವೊಂದಕ್ಕೆ ಮೊದಲ ಸ್ಥಾನ ಹೋಯಿತು, ಅದರ ಜೊತೆಗೆ ರಾಜ್ಯಮಟ್ಟದ ಅವಕಾಶವೂ. ಇವಳಿಗೆ ಸಮಾಧಾನಕರ ಬಹುಮಾನ.

ಮೇಜಿನ ಮೇಲಿಟ್ಟ ಪ್ರಮಾಣಪತ್ರ ಮುಟ್ಟದೆ ಸವಿತಾ ನನ್ನನ್ನು ಕೇಳಿದಳು, "ಸರ್, ಆಟದಾಗ ಅಡಗಿಮನಿ ತನಕಾ ಹೋಗಿದ್ರೇನ್ರಿ?"

"ಇಲ್ಲವ್ವಾ. ನಡುವ ಸೇವ್ ಮಾಡಾಕ ಬರೂದಿಲ್ಲ. ಅದು ದೊಡ್ಡ ದೋಷ."

"ಅಡಗಿಮನ್ಯಾಗ ದೀಪ ಹಚ್ಚಿದ್ರ ಮುಂದ ಅಲ್ಲಿಂದನ ಶುರು ಆಗ್ತೈತ್ರಿ. ದೀಪ ಭಾಳ ದೂರ ಇಟ್ಟೇನಿ, ಅದು ನನ್ನ ತಪ್ಪು ಖರೆ. ಆದ್ರ ಸೇವ್ ಇಲ್ಲ ಅನಬ್ಯಾಡ್ರಿ."

ಪಕ್ಕದ ತೀರ್ಪುಗಾರರು ನಕ್ಕರು. "ತಗೋ ಅವ್ವಿ, ಫೋಟೋ ತಗ್ಯಾಂವ ಕಾಯಾಕತ್ತಾನ."

"ಪೂರಾ ಆಡಿ ಸೊನ್ನಿ ಹಾಕ್ರಿ ಸರ್, ಅದನ್ನ ತಗೋತೇನಿ," ಎಂದು ಅವಳು ಪ್ರಮಾಣಪತ್ರವನ್ನು ನನ್ನ ಕಡೆ ಸರಿಸಿದಳು. ಲ್ಯಾಪ್‌ಟಾಪ್ ತೆರೆದಳು. ನನಗೊಂದು ಕುರ್ಚಿ ಎಳೆದಿಟ್ಟಳು.