ಪಟ್ಟಲಮ್ಮನ ಧಾರಾವಾಹಿ

ಯಾರು ಏನೇ ಕೇಳಲಿ, ಮರಿಸಿದ್ದಯ್ಯನ ಉತ್ತರ ಒಂದೇ: ‘ನೋಡಾನ ಬುಡು.’ ಸೂರಿನ ಹೆಂಚು ಸರಿದು ಸೋರುತ್ತಿದೆ ಅಂದರೂ ನೋಡಾನ ಬುಡು. ಮಗನಿಗೆ ಒಳ್ಳೆಯ ಕಡೆಯಿಂದ ಹೆಣ್ಣು ಬಂದಿದೆ ಅಂದರೂ ನೋಡಾನ ಬುಡು. ಅದು ಹೂಂ ಅಲ್ಲ, ಊಹೂಂ ಅಂತೂ ಅಲ್ಲವೇ ಅಲ್ಲ. ಕೆಟ್ಟ ಗಂಡನಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಇಂಥ ಸಾಧುವಿನ ಹತ್ತಿರ ಯಾವ ಹೆಂಗಸು ತಾನೇ ಏನು ಮಾಡಿಯಾಳು? ಪಟ್ಟಲಮ್ಮ ಮದುವೆಯಾದ ಹೊಸದರಲ್ಲಿ ಅತ್ತಳು, ನಡುವಯಸ್ಸಿನಲ್ಲಿ ಬೈದಳು, ಆಮೇಲಾಮೇಲೆ ನಗುವುದನ್ನು ಕಲಿತಳು.

ಅಂಥ ಮರಿಸಿದ್ದಯ್ಯ ಈ ಸಲ ಯಾರೂ ಹೇಳದೆ ಕೇಳದೆ ಬಸ್ಸು ಹತ್ತಿ ಭಾರತೀನಗರಕ್ಕೆ ಹೋದ. ಡಿಶ್ ಅಂಗಡಿಯ ಮೆಟ್ಟಿಲ ಮೇಲೆ ಕೂತು, ‘ಮಾಲಯ ಅಮಾಸೆ ದಿನ ದೀಪ ಅಚ್ಚೋ ವೊತ್ಗೆ ನಮ್ಮನೇಲಿ ಟಿವಿ ಬರ್ಬೇಕು. ಇಲ್ಲ ಅಂದ್ರೆ ನಾ ಇಲ್ಲಿಂದ ಏಳಾಕಿಲ್ಲ’ ಎಂದು ಪಟ್ಟು ಹಿಡಿದ. ಹಬ್ಬದ ದಿನ ಯಾರೂ ಬರುವುದಿಲ್ಲ ಎಂದು ಅಂಗಡಿಯವನು ಎಷ್ಟು ಹೇಳಿದರೂ ಕೇಳಲಿಲ್ಲ. ಅಷ್ಟು ಹೊತ್ತಿಗೆ ಪಟ್ಟಲಮ್ಮ ತೀರಿಕೊಂಡು ಏಳು ತಿಂಗಳಾಗಿತ್ತು.

ಮರಿಸಿದ್ದಯ್ಯ ಬದುಕೆಲ್ಲ ಕಬ್ಬಿನ ಗಾಡಿ ಹೊಡೆದವನು. ಕಾರ್ಖಾನೆಯ ಮುಂದೆ ಗಾಡಿಗಳ ಸಾಲಿನಲ್ಲಿ ಹಗಲೂ ರಾತ್ರಿ ಕಾದು ಕಾದು ಅವನಿಗೆ ಕಾಯುವುದೇ ಸ್ವಭಾವವಾಗಿಬಿಟ್ಟಿತ್ತು. ಮುಂದಿನ ಗಾಡಿ ಸರಿದರೆ ತಾನೂ ಸರಿಯಬೇಕು, ಇಲ್ಲದಿದ್ದರೆ ಎತ್ತಿಗೆ ಸೋಗೆ ಹಾಕಿ ಗಾಡಿಯ ಕೆಳಗೆ ಮಲಗಬೇಕು. ಸಂಸಾರವನ್ನೂ ಅವನು ಹಾಗೆಯೇ ನಡೆಸಿದ. ಟ್ರ್ಯಾಕ್ಟರುಗಳು ಬಂದ ಮೇಲೆ ಗಾಡಿಯನ್ನು ಕೇಳುವವರಿಲ್ಲವಾಗಿ ಎತ್ತುಗಳನ್ನು ಮಾರಿದ. ಮಾರಿ ಬಂದವನು ಗೋಡೆಗೆ ಮುಖ ಹಾಕಿ ಮಲಗಿದ. ಏನಾಯಿತು ಎಂದು ಪಟ್ಟಲಮ್ಮ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಎತ್ತುಗಳ ಮಾತು ಆ ಮನೆಯಲ್ಲಿ ಮತ್ತೆ ಬರಲೇ ಇಲ್ಲ.

ಅವರ ಮನೆ ಊರಿಗೆ ಸೇರಿದ್ದರೂ ಊರಿನ ಜೊತೆಯಲ್ಲಿರಲಿಲ್ಲ. ನಾಲೆಯ ಆಚೆ ದಡದಲ್ಲಿ ಒಂಟಿಯಾಗಿತ್ತು. ಒಂದು ಮನೆಗೋಸ್ಕರ ನಾಲೆ ದಾಟಿಸಿ ವೈರು ಎಳೆಯುವುದಿಲ್ಲ ಎಂದು ಕೇಬಲ್‌ನವನು ಕಡ್ಡಿ ಮುರಿದಂತೆ ಹೇಳಿದ್ದ. ಹಾಗಾದರೆ ಡಿಶ್ ಹಾಕಿಸೋಣ ಎಂದು ಪಟ್ಟಲಮ್ಮ ಗೌರಿ ಹಬ್ಬಕ್ಕೊಮ್ಮೆ, ಯುಗಾದಿಗೊಮ್ಮೆ ಕೇಳುತ್ತಿದ್ದಳು. ಉತ್ತರ ಏನೆಂದು ಮತ್ತೆ ಬರೆಯಬೇಕಾಗಿಲ್ಲ. ಅವಳು ಸಂಜೆಯ ಕೆಲಸ ಮುಗಿಸಿ, ಸೆರಗಿನಲ್ಲಿ ಒಂದು ಚೂರು ಹೊಗೆಸೊಪ್ಪು ಕಟ್ಟಿಕೊಂಡು, ನಾಲೆಯ ಮೇಲಿನ ಮೋರಿ ದಾಟಿ, ಊರೊಳಗಿನ ಗೆಳತಿ ಅಂಕಮ್ಮನ ಮನೆಗೆ ಟಿವಿ ನೋಡಲು ಹೋಗುತ್ತಿದ್ದಳು. ಧಾರಾವಾಹಿ ಮುಗಿಸಿಕೊಂಡು ಬಂದು ಮುದ್ದೆ ತಿರುವುತ್ತಾ ಅದನ್ನೆಲ್ಲ ಗಂಡನಿಗೆ ಒಪ್ಪಿಸುತ್ತಿದ್ದಳು.

‘ಇವತ್ತೇನಾಯ್ತು ಗೊತ್ತಾ?’

‘ಊಂ.’

‘ಊಂ ಅಂದ್ರೆ ನಾ ಯೋಳಾಕಿಲ್ಲ. ಏನಾಯ್ತು ಅಂತ ಬಾಯ್ಬುಟ್ಟು ಕೇಳು.’

‘ಏನಾಯ್ತಮ್ಮಿ?’

ಆಮೇಲೆ ಕತೆ ಬಿಚ್ಚುತ್ತಿತ್ತು. ಮೊದಮೊದಲು ಅದು ಬೆಂಗಳೂರಿನ ದೊಡ್ಡ ಬಂಗಲೆಯ ಕತೆ. ಒಡವೆ ಹಾಕಿಕೊಂಡೇ ಮಲಗುವ ಅತ್ತೆ, ಬಾಯಿಲ್ಲದ ಸೊಸೆ, ಕಾರಿನಿಂದ ಇಳಿಯದ ಮಾವ. ಮರಿಸಿದ್ದಯ್ಯ ಕೇಳುತ್ತಾ ಕೇಳುತ್ತಾ ತೂಕಡಿಸುತ್ತಿದ್ದ. ಹೋದ ದೀಪಾವಳಿ ಕಳೆದ ಮೇಲೆ ಕತೆ ಇದ್ದಕ್ಕಿದ್ದಂತೆ ಹಳ್ಳಿಯ ಕಡೆ ತಿರುಗಿತು. ಅತ್ತೆ ಸೊಸೆಯನ್ನು ಮನೆಯಿಂದ ಆಚೆ ಹಾಕಿದಳಂತೆ. ಸೊಸೆ ತವರಿಗೆ ಬಂದರೆ ಅವಳಪ್ಪ ಎತ್ತುಗಳನ್ನು ಮಾರಿ, ಯಾರಿಗೂ ಹೇಳದೆ ಗೋಡೆಗೆ ಮುಖ ಹಾಕಿ ಮಲಗಿದ್ದಾನಂತೆ. ನಸುಕಿಗೆ ಎದ್ದು ಬಾಗಿಲು ತೆಗೆದರೆ ಎಡಗಡೆಯ ಎತ್ತು ಹಗ್ಗ ಕಿತ್ತುಕೊಂಡು ವಾಪಸ್ಸು ಬಂದು ಅಂಗಳದಲ್ಲಿ ನಿಂತಿತ್ತಂತೆ.

ಅವತ್ತು ಮರಿಸಿದ್ದಯ್ಯ ತೂಕಡಿಸಲಿಲ್ಲ. ಟವೆಲಿನಲ್ಲಿ ಮುಖ ಒರೆಸಿಕೊಂಡು, ‘ಒಲೆ ಒಗೆ ಜಾಸ್ತಿ ಆಯ್ತು’ ಅಂದ.

‘ಆ ಉಡ್ಗಿ ಗಂಡನೂ ನಿನ್ನಂಗೇ ಕಣ. ಏನ್ ಕೇಳುದ್ರೂ ನೋಡಾನ ಅಂತಾನೆ’ ಎಂದು ಪಟ್ಟಲಮ್ಮ ಇನ್ನೊಂದು ದಿನ ಹೇಳಿದಳು. ಮರಿಸಿದ್ದಯ್ಯನಿಗೆ ನಗು ಬಂತು. ಟಿವಿಯೊಳಗೂ ತನ್ನಂಥವನು ಒಬ್ಬ ಇದ್ದಾನಲ್ಲ ಎಂದು ಒಂದು ಬಗೆಯ ಹೆಮ್ಮೆಯೂ ಆಯಿತು. ಆ ಚಳಿಗಾಲವೆಲ್ಲ ಅವನು ಅವಳ ದಾರಿ ಕಾಯುತ್ತಾ ಬಾಗಿಲಲ್ಲೇ ಕೂತಿರುತ್ತಿದ್ದ. ಮೋರಿಯ ಮೇಲೆ ಅವಳ ಕೆಮ್ಮು ಕೇಳಿಸಿದರೆ ಎದ್ದು ಒಳಗೆ ಹೋಗಿ ಒಲೆಯ ಮುಂದೆ ಮಣೆ ಹಾಕುತ್ತಿದ್ದ. ಕೆಮ್ಮು ಹೆಚ್ಚಾಗುತ್ತಿದೆ ಎಂಬುದು ಅವನ ಕಿವಿಗೂ ಬಿದ್ದಿತ್ತು. ಮಂಡ್ಯಕ್ಕೆ ಕರೆದುಕೊಂಡು ಹೋಗಿ ತೋರಿಸಬೇಕು ಎಂದುಕೊಂಡ, ಕಬ್ಬಿನ ಕಟಾವು ಮುಗಿಯಲಿ ಎಂದುಕೊಂಡ.

ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ ಅವಳು ಹೇಳಿದ ಕತೆ ಇದು. ಸೊಸೆ ಗಂಡನ ಮನೆಗೆ ವಾಪಸ್ಸು ಬಂದಿದ್ದಾಳೆ. ಹೊರಗೆ ಮಳೆ. ಒಳಗೆ ದೀಪ ಉರಿಯುತ್ತಿದೆ, ಮಾತು ಕೇಳಿಸುತ್ತಿದೆ. ಅವಳು ಬಾಗಿಲು ತಟ್ಟುತ್ತಾಳೆ.

‘ತೆಗುದ್ರಾ?’ ಎಂದು ಮರಿಸಿದ್ದಯ್ಯ ಕೇಳಿದ.

‘ಇವತ್ತಿಗೆ ಅಷ್ಟೇ. ನಾಳೆ ಯೋಳ್ತೀನಿ’ ಎಂದು ಪಟ್ಟಲಮ್ಮ ಮಲಗಿದಳು. ಆ ನಾಳೆ ಆಸ್ಪತ್ರೆಯಲ್ಲಿ ಬಂತು, ಮೂಗಿಗೆ ಪೈಪು ಹಾಕಿದ್ದರು, ಮಾತು ಹೊರಡಲಿಲ್ಲ.

ಹನ್ನೊಂದನೆಯ ದಿನ ತಿಥಿಗೆ ಬಂದ ಅಂಕಮ್ಮ ಗೋಡೆಗೊರಗಿ ಅತ್ತಳು. ಸತ್ತವರಿಗಾಗಿ ಅಳುವ ಅಳು ಒಂದು ಥರ, ತನಗೇ ಹೊಟ್ಟೆಯೊಳಗೆ ಚುಚ್ಚಿದರೆ ಅಳುವ ಅಳು ಇನ್ನೊಂದು ಥರ. ‘ನಂದು ತಪ್ಪಾಯ್ತು ಬಾವ’ ಅಂದಳು. ‘ಅಕ್ಕಂಗೆ ಕೆಮ್ಲಿತ್ತು. ಮನೇಲಿ ಅಸುಗೂಸು, ಏನಾರ ಅಂಟ್ಕಂಡ್ರೆ ಅಂತ ನನ್ ಸೊಸೆ ದೀಪಾವಳಿ ಆದ್ಮೇಲೆ ಬಾಗ್ಲು ಆಕ್ಬುಡೋಳು. ಅಕ್ಕ ಬೇಜಾರೇ ಮಾಡ್ಕಳ್ನಿಲ್ಲ. ಜಗ್ಲಿ ಮ್ಯಾಲೆ ಒಸಿ ವೊತ್ತು ಕುಂತಿದ್ದು ಎದ್ದೋಗೋಳು. ಒಂದಿನಾರ ಒಳೀಕ್ ಕರೀಲಿಲ್ವಲ್ಲ ನಾನು.’

ಮರಿಸಿದ್ದಯ್ಯನಿಗೆ ಅಂಕಮ್ಮನ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಕೋಪ ಬರಲಿಲ್ಲ. ಚಳಿಯಲ್ಲಿ, ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ಅವಳು ತನಗಾಗಿ ಕತೆ ಹೊತ್ತು ತಂದಳಲ್ಲ ಎಂಬುದೊಂದೇ ಅವನ ತಲೆಯಲ್ಲಿ ಸುತ್ತಿತು. ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಆ ಹಿರಿಯರ ಹಬ್ಬಕ್ಕೆ ಸತ್ತವರು ಆಸೆಪಟ್ಟಿದ್ದನ್ನೆಲ್ಲ ಎಡೆಗೆ ಇಡುವುದು ಅವರ ಕಡೆಯ ಪದ್ಧತಿ. ಅವನಪ್ಪನಿಗೆ ಪ್ರತಿ ವರ್ಷ ಬೀಡಿ ಕಟ್ಟು, ಬೆಂಕಿಪೊಟ್ಟಣ ಇಡುತ್ತಿದ್ದರು. ಹಾಗಾದರೆ ಪಟ್ಟಲಮ್ಮನ ಎಲೆಯ ಮುಂದೆ ಏನಿಡಬೇಕು? ಅವಳ ಧಾರಾವಾಹಿಯನ್ನೇ ಇಡಬೇಕು. ಅವಳು ತನ್ನ ಮನೆಯೊಳಗೆ ಕೂತು, ಕಣ್ಣಾರೆ ನೋಡಬೇಕು. ಜೊತೆಗೆ, ಮಳೆಯಲ್ಲಿ ನಿಂತ ಆ ಸೊಸೆಗೆ ಗಂಡನ ಮನೆಯವರು ಬಾಗಿಲು ತೆಗೆದರೋ ಇಲ್ಲವೋ ಎಂಬುದು ತನಗೂ ಗೊತ್ತಾಗಬೇಕು. ಅದು ಗೊತ್ತಾಗದೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಮಗ ರಾಜೇಂದ್ರ ಮಂಡ್ಯದಲ್ಲಿ ಸರ್ಕಾರಿ ನೌಕರಿಯಲ್ಲಿದ್ದಾನೆ, ಅಲ್ಲೇ ಗುತ್ತಲು ಬಡಾವಣೆಯಲ್ಲಿ ಮನೆ. ಮನೆಯಲ್ಲಿ ಬುದ್ಧನ ಫೋಟೊ ಬಿಟ್ಟರೆ ಬೇರೆ ದೇವರಿಲ್ಲ. ‘ಎಡೆಗಿಡೆ ಎಲ್ಲ ನಾನು ಒಪ್ಪಲ್ಲ ಅಪ್ಪ. ಅಮ್ಮ ಬಂದು ಟಿವಿ ನೋಡ್ತಾಳಾ?’ ಎಂದ.

‘ನೀ ಒಪ್ಬ್ಯಾಡ ಕಣ್ಲಾ. ನಿಮ್ಮನೇಲಿ ಮೂಲೇಲಿ ಮಡ್ಗಿರೋ ಆ ಅಳೇ ಟಿವೀನ ತಂದ್ಕೊಡು, ಸಾಕು.’

ಅಪ್ಪ ಒಂದು ವಸ್ತುವನ್ನು ಬೇಕು ಎಂದು ಕೇಳಿದ್ದು ರಾಜೇಂದ್ರ ಹುಟ್ಟಿದಾಗಿನಿಂದ ಅದೇ ಮೊದಲು. ಅವನು ಅಮಾವಾಸ್ಯೆಯ ಬೆಳಿಗ್ಗೆ ಹೆಂಡತಿ ಸುನಿತಾಳನ್ನು ಕರೆದುಕೊಂಡು, ಟಿವಿ ಹೊತ್ತು ತಂದ.

ಡಿಶ್ ಕೂರಿಸಲು ಬಂದವನ ಹೆಸರು ಮಹದೇವು. ಹಬ್ಬದ ದಿನ ಕೆಲಸಕ್ಕೆ ಕಳಿಸಿದರಲ್ಲ ಎಂದು ಬೈದುಕೊಂಡೇ ಸೂರು ಹತ್ತಿದ. ಕಂಬಿ ನಿಲ್ಲಿಸಿ ಮೊಳೆ ಹೊಡೆದು, ತಟ್ಟೆಯನ್ನು ಆಗ್ನೇಯಕ್ಕೆ ತಿರುಗಿಸಿ, ಒಂದು ಕೂದಲೆಳೆ ಆ ಕಡೆ, ಒಂದು ಕೂದಲೆಳೆ ಈ ಕಡೆ ಸರಿಸುತ್ತಾ ಕೂತ. ಮೋಡ ಕವಿದಿತ್ತು. ಒಳಗೆ ಮರಿಸಿದ್ದಯ್ಯ ನೀಲಿ ಪರದೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ.

‘ಬಂತಾ ಯಜಮಾನ್ರೆ?’

‘ಇಲ್ಲ ಕಣಪ್ಪ.’

‘ಈಗ?’

‘ಊಹೂಂ.’

ಮಧ್ಯಾಹ್ನ ಕಳೆದ ಮೇಲೆ ಚಿತ್ರ ಬಂತು. ಯಾರೋ ಹುಡುಗಿ ಸೋಪಿನ ನೊರೆಯೊಳಗೆ ನಗುತ್ತಿದ್ದಳು. ಮರಿಸಿದ್ದಯ್ಯ ಕೈಮುಗಿದ. ಮಹದೇವು ಇಳಿದು ಬಂದು ಕೈ ಒರೆಸಿಕೊಳ್ಳುತ್ತಾ, ಯಾವ ಧಾರಾವಾಹಿ ಬೇಕು ಎಂದು ಕೇಳಿದ.

‘ಅದೇ ಕಣಪ್ಪ, ಸೊಸೇನ ಆಚ್ಗೆ ಆಕ್ತಾರಲ್ಲ. ಅವ್ಳಪ್ಪ ಎತ್ತು ಮಾರ್ತಾನಲ್ಲ. ಎಡಗಡೆ ಎತ್ತು ಅಗ್ಗ ಕಿತ್ಕಂಡು ವಾಪಸ್ ಬತ್ತದಲ್ಲ.’

‘ಸೊಸೇನ ಆಚೆ ಹಾಕೋದು ಎಲ್ಲಾದ್ರಲ್ಲೂ ಐತೆ. ಎತ್ತಿರೋದು ನಾನ್ ಕಾಣೆ’ ಎಂದು ಮಹದೇವು ನಕ್ಕ.

ಅಂಕಮ್ಮನಿಗೆ ಗೊತ್ತಿರುತ್ತದೆ ಎಂದು ರಾಜೇಂದ್ರ ಅವಳನ್ನು ಕರೆತಂದ. ಕಜ್ಜಾಯದ ಪಾಕ ಅಂಟಿದ ಕೈಯಲ್ಲೇ ಬಂದ ಅಂಕಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಮುಖ ಸಣ್ಣದಾಯಿತು.

‘ಯಾವ್ ಎತ್ತು ಬಾವ? ಅವ್ರು ಬೆಂಗ್ಳೂರ್ ಸಾವ್ಕಾರ್ರು. ಮನೇಲಿ ಒಂದು ನಾಯಿ ಇತ್ತು ಅಷ್ಟೇಯ. ಅದೂ ದೀಪಾವಳಿಗೇ ಮುಗುದೋಯ್ತಲ್ಲ. ಅತ್ತೆ ಸೊಸೆ ಒಂದಾಗ್ಬುಟ್ರು.’

‘ಮುಗುದೋಯ್ತಾ? ಮತ್ತೆ ಆಮ್ಯಾಕೆ ದಿನಾ ಏನ್ ಬತ್ತಿತ್ತು ಆ ವೊತ್ನಲ್ಲಿ?’

‘ಆಡೇಳೋ ಪಂದ್ಯ ಬಾವ. ಉಡುಗ್ರು ನಿಂತ್ಕಂಡು ಆಡೇಳೋರು, ಕುಂತಿರೋರು ಚಪ್ಪಾಳೆ ತಟ್ಟೋರು. ಸಂಕ್ರಾಂತಿ ಆದ್ರೂ ಅದೇಯ, ಸಿವರಾತ್ರಿ ಬಂದ್ರೂ ಅದೇಯ.’

ಮಹದೇವು ತನ್ನ ಸಾಮಾನು ಬ್ಯಾಗಿಗೆ ತುಂಬಿಕೊಂಡು ಸದ್ದಿಲ್ಲದೆ ಹೊರಟ. ಮರಿಸಿದ್ದಯ್ಯ ಪರದೆಯನ್ನೇ ನೋಡುತ್ತಾ ಕೂತ. ಹಾಗಾದರೆ ಆ ಚಳಿಗಾಲದ ಕತೆ ಯಾವ ಟಿವಿಯಲ್ಲೂ ಬಂದದ್ದಲ್ಲ. ತನ್ನನ್ನು ಒಳಗೆ ಬಿಡುವುದಿಲ್ಲ ಎಂದು ಅವಳು ಹೇಳಿಕೊಳ್ಳಲಿಲ್ಲ; ಹೇಳಿದ್ದರೆ ತಾನು ನೋಡಾನ ಬುಡು ಅನ್ನುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು. ತಾನು ಬಾಯಿಬಿಡದ ಎತ್ತಿನ ದುಃಖ ಅವಳಿಗೆ ಗೊತ್ತಿತ್ತು. ಹಗ್ಗ ಕಿತ್ತುಕೊಂಡು ಬಂದ ಎತ್ತನ್ನು ಅವಳೇ ಅಂಗಳಕ್ಕೆ ತಂದು ನಿಲ್ಲಿಸಿದ್ದಳು. ಮಳೆಯಲ್ಲಿ ಬಾಗಿಲು ತಟ್ಟಿದವಳು ಯಾರೆಂಬುದೂ ಈಗ ಅವನಿಗೆ ತಿಳಿಯಿತು.

‘ಟಿವಿ ಆರಿಸ್ಲಾ ಅಪ್ಪ?’ ಎಂದು ರಾಜೇಂದ್ರ ಮೆಲ್ಲಗೆ ಕೇಳಿದ.

‘ಬ್ಯಾಡ. ಆಡೇಳೋದೇ ಯಾವ್ದಾರ ಆಕು. ಅವ್ಳು ಕೇಳಿದ್ದು ಅದನ್ನೇ ಅಲ್ವಾ.’

ದೀಪ ಹಚ್ಚುವ ಹೊತ್ತಿಗೆ ಎಡೆ ಸಿದ್ಧವಾಯಿತು. ಸುನಿತಾ ಬಾಳೆ ಎಲೆಯ ಮೇಲೆ ಮುದ್ದೆ, ಬಾಡಿನ ಸಾರು, ಕಜ್ಜಾಯ, ಎಲೆ ಅಡಿಕೆ ಇಟ್ಟಳು. ಒಪ್ಪುವುದಿಲ್ಲ ಎಂದಿದ್ದ ರಾಜೇಂದ್ರ ಅಮ್ಮನ ಎಲೆಯ ತುದಿಗೆ ಒಂದು ಚೂರು ಹೊಗೆಸೊಪ್ಪನ್ನು ತಾನೇ ಇಟ್ಟ. ಮರಿಸಿದ್ದಯ್ಯ ಸಾಂಬ್ರಾಣಿ ಹಾಕಿ, ಟಿವಿಯನ್ನು ಅವಳ ಎಲೆಯ ಕಡೆಗೆ ತಿರುಗಿಸಿದ. ಎಡೆ ಇಟ್ಟ ಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರಬೇಕು, ಯಾರೂ ಇಣುಕಬಾರದು. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು ಮನೆಯ ಯಜಮಾನ ಬಾಗಿಲು ತಟ್ಟಿ ತೆಗೆಯಬೇಕು. ಹಾಗೆಯೇ ಬಾಗಿಲು ಎಳೆದು ಅವನು ಜಗಲಿಯ ಮೇಲೆ ಕೂತ. ಮಗ ಸೊಸೆ ಎದುರಿಗೆ ಕೂತರು.

ಒಳಗೆ ಹಾಡು ಶುರುವಾಯಿತು. ಹಲಗೆ ಬಾಗಿಲಿನ ಆಚೆಯಿಂದ ಮಾತು ಬಿಡಿಸಿ ಕೇಳುತ್ತಿರಲಿಲ್ಲ. ರಾಗದ ಒಂದು ಎಳೆ, ಆಮೇಲೆ ಚಪ್ಪಾಳೆ, ಮತ್ತೆ ಯಾರದೋ ನಗು. ಬಾಗಿಲ ಸಂದಿಯಿಂದ ಬೆಳಕು ಬಣ್ಣ ಬದಲಾಯಿಸುತ್ತಾ ಅವನ ಕಾಲಿನ ಮೇಲೆ ಬೀಳುತ್ತಿತ್ತು. ಇಷ್ಟೇ ಇಷ್ಟನ್ನು ಕೇಳಿಕೊಂಡು, ಬೆನ್ನಿಗೆ ಚಳಿ ಹೊಡೆಸಿಕೊಂಡು ಕೂತು, ಅವಳು ಮೋರಿ ದಾಟುವಷ್ಟರಲ್ಲಿ ಅವತ್ತಿನ ಕತೆಯನ್ನು ಕಟ್ಟಿಕೊಂಡು ಬರುತ್ತಿದ್ದಳು. ಮುಂದಿನದನ್ನು ತಾನಾದರೂ ಹೇಳಿಬಿಡೋಣ ಎಂದು ಮರಿಸಿದ್ದಯ್ಯ ಕಣ್ಣು ಮುಚ್ಚಿ ಪ್ರಯತ್ನಪಟ್ಟ. ಸೊಸೆ ಬಾಗಿಲು ತಟ್ಟಿದಳು, ಆಮೇಲೆ... ಆಮೇಲೆ ಏನೂ ಬರಲಿಲ್ಲ. ಕತೆ ಕಟ್ಟುವುದು ಅವನಿಗೆ ಬಾರದ ಕೆಲಸ.

ಮಳೆ ಹನಿಯಿತು, ನೋಡನೋಡುತ್ತಾ ದಪ್ಪವಾಯಿತು. ಹಾಡು ಅರ್ಧಕ್ಕೆ ನಿಂತುಹೋಯಿತು. ಸಂದಿಯ ಬೆಳಕು ಬರೀ ನೀಲಿಯಾಗಿ ಅಲುಗಾಡದೆ ನಿಂತಿತು.

‘ಮಳೆಗೆ ಸಿಗ್ನಲ್ ಹೋಯ್ತು ಅಪ್ಪ. ಹೊತ್ತೂ ಆಯ್ತು, ಬಾಗಿಲು ತೆಗಿ’ ಎಂದ ರಾಜೇಂದ್ರ.

‘ನೋಡಾನ...’ ಎಂದು ಅಭ್ಯಾಸಬಲದಿಂದ ಬಾಯಿಗೆ ಬಂತು. ಮರಿಸಿದ್ದಯ್ಯ ಅದನ್ನು ಅಲ್ಲಿಗೇ ನಿಲ್ಲಿಸಿದ. ಎದ್ದು ನಿಂತು ಬಾಗಿಲು ತಟ್ಟಿದ. ತಟ್ಟಿದ ಕೂಡಲೇ ತಳ್ಳಿಕೊಂಡು ಒಳಗೆ ಹೋಗುವುದು ವಾಡಿಕೆ, ಅವನು ತಳ್ಳಲಿಲ್ಲ. ಇನ್ನೊಂದು ಸಲ ತಟ್ಟಿ, ಹಲಗೆಗೆ ಕಿವಿಯಿಟ್ಟು ನಿಂತ. ಜಗಲಿಯ ಸೂರಿನಿಂದ ನೀರು ಸುರಿದು ಅವನ ಬೆನ್ನು ತೋಯುತ್ತಿತ್ತು. ಚಿಲಕ ಹಾಕಿರಲಿಲ್ಲ ಎಂದು ಸುನಿತಾ ಹೇಳಿದಳು. ಅದು ಅವನಿಗೂ ಗೊತ್ತಿತ್ತು.

ಬಹಳ ಹೊತ್ತು ಹಾಗೆಯೇ ನಿಂತಿದ್ದ. ಒಳಗಿನಿಂದ ಯಾರೂ ತೆಗೆಯಲಿಲ್ಲ.