ಬಸ್ಸು ಆಗದ ಗೈಡಮ್ಮ

ನನ್ನ ನಾದಿನಿಗೆ ಬಸ್ಸು ಆಗುವುದಿಲ್ಲ. ಹತ್ತಿ ಕೂತು ಎರಡು ತಿರುವು ಕಳೆಯುವಷ್ಟರಲ್ಲಿ ಹೊಟ್ಟೆ ತೊಳಸಿ, ಮುಖ ಎಳೆ ಸೌತೆಕಾಯಿಯ ಬಣ್ಣಕ್ಕೆ ತಿರುಗುತ್ತದೆ. ಎಷ್ಟೋ ಜನಕ್ಕೆ ಆಗುವುದಿಲ್ಲ, ಅದರಲ್ಲೇನು ಎನ್ನಬಹುದು. ಆದರೆ ಇವಳ ಕೆಲಸವೇ ಬಸ್ಸಿನಲ್ಲಿ. ಪ್ರವಾಸಿಗಳನ್ನು ಕೂರಿಸಿಕೊಂಡು, ಬೆಟ್ಟ ಸುತ್ತಿ ಹೋಗುವ ದಾರಿಯಲ್ಲಿ ಕಣಿವೆಯ ಬೌದ್ಧ ಗುಡಿಗಳನ್ನು ತೋರಿಸಿಕೊಂಡು ಬರುವ ಗೈಡು ಅವಳು.

"ಈಜು ಬಾರದವಳು ದೋಣಿ ನಡೆಸೋಕೆ ಹೋದ ಹಾಗೆ" ಎನ್ನುತ್ತಾರೆ ಅತ್ತೆ.

ಬೇರೆ ಕೆಲಸ ಅವಳಿಗೆ ಒಗ್ಗುವುದೂ ಇಲ್ಲ. ಮನೆಯಲ್ಲಿ ಅವಳಿಗೆ ಮೈಕು ಎಂದೇ ಹೆಸರು. ಹಲ್ಲುಜ್ಜುವಾಗಲೂ ಬ್ರಷ್ಷಿನ ಪಕ್ಕದಿಂದ ದಾರಿ ಮಾಡಿಕೊಂಡು ಮಾತು ಹೊರಗೆ ಬರುತ್ತದೆ. ಮಧ್ಯೆ ಒಮ್ಮೆ ಅವಳನ್ನು ಆಫೀಸಿನ ಟಿಕೆಟ್ ಕೌಂಟರಿಗೆ ಹಾಕಿದ್ದರು. ಗಾಜಿನಲ್ಲಿ ಒಂದು ತೂತು. ಅದರಲ್ಲಿ ಕೈ ಬರುತ್ತದೆ, ಟಿಕೆಟ್ ಹೋಗುತ್ತದೆ, ಮಾತಿಗೆ ಮಾತ್ರ ಜಾಗವಿಲ್ಲ. ಒಂದೇ ತಿಂಗಳಿಗೆ ನೀರು ಕಾಣದ ಕುಂಡದ ಗಿಡದಂತೆ ಜೋತುಬಿದ್ದಳು. ಊಟಕ್ಕೆ ಕೂತರೂ ತುಟಿ ಬಿಚ್ಚುತ್ತಿರಲಿಲ್ಲ. ಮನೆ ಎಷ್ಟು ಭಣಗುಟ್ಟಿತೆಂದರೆ, ಅವಳ ಮಾತಿಗೆ ದಿನವೂ ಬೈಯುವ ಅತ್ತೆಯೇ "ಏನಾದ್ರೂ ಹೇಳೇ" ಎಂದು ಗೋಗರೆದರು.

ಹಾಗಾಗಿ ಮತ್ತೆ ಬಸ್ಸು ಹತ್ತಿದಳು. ಹೊಟ್ಟೆಗೆ ಒಂದು ಉಪಾಯವನ್ನೂ ಹುಡುಕಿಕೊಂಡಳು. ಎಲ್ಲಿ ತೊಳಸುತ್ತದೋ ಅಲ್ಲಿ ಬಲಗೈ ಎತ್ತುತ್ತಾಳೆ. ತಲೆಯ ಮೇಲಿನ ಕನ್ನಡಿಯಲ್ಲಿ ಅದನ್ನು ಕಂಡ ಡ್ರೈವರಣ್ಣ ಬಸ್ ನಿಲ್ಲಿಸುತ್ತಾನೆ. "ಇಲ್ಲಿಂದ ಕಣಿವೆ ತುಂಬ ಚೆನ್ನಾಗಿ ಕಾಣುತ್ತೆ, ಇಳೀರಿ ಇಳೀರಿ!" ಜನ ಫೋಟೊ ತೆಗೆಯುತ್ತಾ ನಿಂತರೆ ಇವಳು ಬಸ್ಸಿನ ಹಿಂದೆ ನಿಂತು ನಿಂಬೆಹಣ್ಣು ಮೂಸುತ್ತಾಳೆ. ವರ್ಷ ಕಳೆದಂತೆ ಅವಳು ನಿಲ್ಲಿಸಿದ ಕಡೆಯಲ್ಲೆಲ್ಲ ಚಹಾದಂಗಡಿ ಎದ್ದವು. ಒಂದು ಕಡೆ ಕಬ್ಬಿಣದ ಕಟಕಟೆ ಬಂತು, ಇನ್ನೊಂದು ಕಡೆ ಯಾರೋ ದುರ್ಬೀನು ತಂದು ನಿಲ್ಲಿಸಿದರು. ಈಗ ಬೇರೆ ಕಂಪನಿಗಳ ಬಸ್ಸುಗಳೂ ಅಲ್ಲೇ ನಿಲ್ಲುತ್ತವೆ. ಆ ದಾರಿಯ ನಕ್ಷೆ ಬರೆದದ್ದು ನನ್ನ ನಾದಿನಿಯ ಹೊಟ್ಟೆ.

ಅಷ್ಟರಲ್ಲಿ ಹೊಸ ಮ್ಯಾನೇಜರ್ ಬಂದರು.

"ಗುಡಿ ಬಿಟ್ರೆ ಬಸ್ ಎಲ್ಲೂ ನಿಲ್ಲಬಾರದು. ಕಣಿವೆ ಉದ್ದಕ್ಕೂ ಗೈಡು ಜನರ ಕಡೆ ಮುಖ ಮಾಡಿ ನಿಂತು ಮಾತಾಡ್ತಾ ಇರಬೇಕು. ಭಾನುವಾರ ನಾನೇ ಬಂದು ನೋಡ್ತೀನಿ. ಆಗದಿದ್ರೆ ಸಂಕೋಚ ಬೇಡ, ಕೌಂಟರ್ ಖಾಲಿ ಇದೆ" ಎಂದರಂತೆ.

ಆ ಸಂಜೆ ನಾನು ಮಗಳ ಬಟ್ಟೆ ಮಡಚುತ್ತಿದ್ದೆ. ನಾದಿನಿ ಬಂದು ಬಟ್ಟೆಯ ರಾಶಿಯ ಮೇಲೇ ಕುಕ್ಕರಿಸಿದಳು.

"ಅತ್ತಿಗೆ, ಹಿಂದಕ್ಕೆ ಮುಖ ಮಾಡಿ ನಿಂತ್ರೆ ನನ್ನ ಬಾಯಿಂದ ಮಾತು ಬರಲ್ಲ, ಬೇರೆ ಏನೋ ಬರುತ್ತೆ."

"ಮಾತ್ರೆ ತಗೊಳ್ಳೇ."

"ತಗೊಂಡ್ರೆ ನಿದ್ದೆ. ಹೋದ್ಸಲ ಬುದ್ಧ ಹುಟ್ಟಿದ ಕಥೆ ಹೇಳ್ತಾ ಹೇಳ್ತಾ, ಮಗು ಹುಟ್ಟೋ ಮೊದಲೇ ಗೊರಕೆ ಹೊಡೆದುಬಿಟ್ಟೆ." ಮೆಲ್ಲಗೆ ಅವಳ ಕಣ್ಣು ನನ್ನ ಮಗಳ ಕಡೆ ಹೊರಳಿತು. "ಇವಳೂ ಗಾಡಿ ಹತ್ತಿದ ಕೂಡ್ಲೇ ಕಿರುಚ್ತಾಳಲ್ವಾ?"

"ನನ್ನ ಮಗಳನ್ನ ಅಳೋದಕ್ಕೆ ಬಾಡಿಗೆಗೆ ಕೊಡಲ್ಲ."

"ನಾವೇನೂ ಅಳಿಸೋದು ಬೇಡ. ತಾನಾಗೇ ಅಳ್ತಾಳೆ. ಹಾಲು ಕುಡಿಯೋ ಕೂಸು ಅತ್ರೆ ಮ್ಯಾನೇಜರ್ ಏನು, ಅವರಪ್ಪನೂ ಬಸ್ ನಿಲ್ಲಿಸಲೇಬೇಕು. ನಾನು ಕೈ ಎತ್ತುತ್ತೀನಿ, ನೀವು ಎದ್ದು ನಿಂತು 'ಅಯ್ಯೋ ಮಗು' ಅನ್ನಿ. ಅಷ್ಟೇ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಚಿವುಟೋದೊಂದು ಬೇಡ. ಮಿಕ್ಕಿದ್ದು ನಿಮ್ಮಿಷ್ಟ."

ಅತ್ತೆಯ ಒಪ್ಪಿಗೆಯೇ ಸಿಕ್ಕ ಮೇಲೆ ಇನ್ನೇನು. ಭಾನುವಾರ ಎರಡು ಜೊತೆ ಬಟ್ಟೆ, ಬಿಸಿನೀರಿನ ಫ್ಲಾಸ್ಕು, ಗಿಲಕಿ, ನಾದಿನಿಗಾಗಿ ಒಂದಿಷ್ಟು ಪ್ಲಾಸ್ಟಿಕ್ ಚೀಲ ತುಂಬಿಕೊಂಡು ಹಿಂದಿನ ಸೀಟು ಹಿಡಿದೆ.

ಬೆಟ್ಟದ ಬುಡದ ಮೊದಲ ಗುಡಿಯಲ್ಲಿ ಅವಳನ್ನು ನೋಡಬೇಕಿತ್ತು. ಗಟ್ಟಿ ನೆಲದ ಮೇಲೆ ನಿಂತರೆ ಅವಳಿಗೆ ಎದುರಿಲ್ಲ. ಅಂಗೈ ಎತ್ತಿ ನಿಂತ ದೊಡ್ಡ ಬುದ್ಧನ ಮುಂದೆ ಎಲ್ಲರನ್ನೂ ಸೇರಿಸಿ, "ಇದು ಅಭಯ ಮುದ್ರೆ. ಹೆದರಬೇಡಿ ಅಂತ ಅರ್ಥ. ಕೆಲವರು ಇದನ್ನ ನೋಡಿ 'ಸ್ವಲ್ಪ ಇರಿ, ಬಂದೆ' ಅಂತಿದಾನೆ ಅಂದ್ಕೋತಾರೆ" ಎಂದಳು. ಎಲ್ಲರೂ ನಕ್ಕರು. ನಿವೃತ್ತ ಮೇಷ್ಟ್ರೊಬ್ಬರು ತಾವೂ ಹಾಗೆ ಕೈ ಎತ್ತಿ ನೋಡಿದರು. "ಇಳಿಸಿ, ಭುಜ ಹಿಡ್ಕೊಂಡೀತು" ಎಂದು ಅವರ ಹೆಂಡತಿ ಆ ಕೈಯನ್ನು ಕೆಳಗೆಳೆದರು. ಮ್ಯಾನೇಜರ್ ಮಾತ್ರ ಗಡಿಯಾರ ನೋಡಿಕೊಂಡರು.

ಬಸ್ಸು ಕಣಿವೆಯ ದಾರಿ ಹಿಡಿಯಿತು. ನಾದಿನಿ ನಮ್ಮ ಕಡೆ ಮುಖ ಮಾಡಿ, ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಮೈಕು ಹಿಡಿದು ಶುರುಮಾಡಿದಳು. ಮೊದಲ ತಿರುವಿನಲ್ಲಿ ದನಿ ನೆಟ್ಟಗಿತ್ತು. ಎರಡನೆಯದರಲ್ಲಿ ತೆಳ್ಳಗಾಯಿತು. ಮತ್ತೊಂದು ತಿರುವಿಗೆ ವಾಕ್ಯ ಅರ್ಧಕ್ಕೇ ನಿಂತು, ಕಣ್ಣು ನನ್ನನ್ನು ಹುಡುಕಿತು.

ನಾನು ಮಗಳನ್ನು ನೋಡಿದೆ. ಮಹಾರಾಯ್ತಿ ಗಾಢ ನಿದ್ದೆಯಲ್ಲಿದ್ದಳು! ಮನೆಯಲ್ಲಿ ಚಮಚ ಬಿದ್ದರೆ ಎದ್ದು ಕೂರುವವಳು, ಇಲ್ಲಿ ಬಾಯಿ ತೆರೆದುಕೊಂಡು ತೂಗುಮಂಚದಲ್ಲಿದ್ದಂತೆ ಮಲಗಿದ್ದಳು. ಟೋಪಿ ತೆಗೆದೆ. ಅಂಗಾಲಿಗೆ ಕಚಗುಳಿಯಿಟ್ಟೆ. ಕಿವಿಯ ಹತ್ತಿರ ಗಿಲಕಿ ಆಡಿಸಿದೆ. ನಿದ್ದೆಯಲ್ಲೇ ನಕ್ಕಳು.

ನಾದಿನಿ ಮೈಕನ್ನು ಸೊಂಟಕ್ಕೆ ಸಿಕ್ಕಿಸಿ, ತುಟಿ ಬಿಗಿದು, ಕಣ್ಣು ಅರೆಮುಚ್ಚಿ ಬಲಗೈ ಎತ್ತಿದಳು. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ ವೇಗ ತಗ್ಗಿಸಿದ.

"ಹೂಂ, ನಡೀಲಿ" ಎಂದರು ಮುಂದಿನ ಸೀಟಿನ ಮ್ಯಾನೇಜರ್. ಬಸ್ಸು ನಿಲ್ಲಲಿಲ್ಲ.

ಅವಳು ಹಾಗೇ ನಿಂತಿದ್ದಳು, ಬಿಳಿಚಿದ ಮುಖ, ಅರೆಮುಚ್ಚಿದ ಕಣ್ಣು, ಎತ್ತಿದ ಅಂಗೈ. ಮೇಷ್ಟ್ರು ನೆಟ್ಟಗೆ ಕೂತು, "ಶ್! ಮುದ್ರೆ!" ಎಂದರು.

ಸೀಟಿನಿಂದ ಸೀಟಿಗೆ ಮೌನ ಹರಡಿತು. ಮೇಷ್ಟ್ರ ಹೆಂಡತಿ ಕೈಮುಗಿದರು. ಮೇಷ್ಟ್ರು ಭುಜದ ಯೋಚನೆ ಬಿಟ್ಟು ಅಂಗೈ ಎತ್ತಿದರು. ಅವರನ್ನು ನೋಡಿ ಹಿಂದಿನವರು, ಅವರನ್ನು ನೋಡಿ ಇನ್ನೂ ಹಿಂದಿನವರು. ನಾದಿನಿ ಒಂದು ಕಣ್ಣನ್ನು ಚೂರೇ ತೆರೆದು ಇದನ್ನೆಲ್ಲ ಕಂಡಳು. ಸಿಕ್ಕ ಅವಕಾಶ ಬಿಡುವವಳಲ್ಲ. ಎತ್ತಿದ ಕೈ ಇಳಿಸದೆ, ಗಂಭೀರವಾಗಿ, ಮೆಲ್ಲಗೆ ರಸ್ತೆಯ ಕಡೆ ತಿರುಗಿ ನಿಂತಳು. ಮುಂದಿನ ದಾರಿ ಕಣ್ಣಿಗೆ ಬಿತ್ತು, ಕಿಟಕಿಯ ಗಾಳಿ ಮುಖಕ್ಕೆ ಬಡಿಯಿತು. ಹೊಟ್ಟೆ ತನ್ನ ಜಾಗಕ್ಕೆ ಮರಳಿತು.

"ಯಾಕೆ ಮಾತು ನಿಂತಿತು?" ಎಂದರು ಮ್ಯಾನೇಜರ್.

"ಸ್ವಲ್ಪ ಸುಮ್ನಿರ್ತೀರಾ? ಎಲ್ಲಿ ಹೋದ್ರೂ ವಟವಟ ಅನ್ನಲೇಬೇಕಾ?" ಮೇಷ್ಟ್ರು ಹಳೆಯ ತರಗತಿಯ ದನಿಯಲ್ಲಿ ಗದರಿದರು. ಮ್ಯಾನೇಜರ್ ಅತ್ತಿತ್ತ ನೋಡಿ, ತಮ್ಮ ಕೈಯನ್ನೂ ಎದೆಯವರೆಗೆ ಎತ್ತಿದರು.

ಆ ದಾರಿಯಲ್ಲಿ ನಾನು ಹಿಂದೆಯೂ ಹೋಗಿದ್ದೇನೆ. ಕೆಳಗೆ ತೊರೆಯೊಂದು ಹರಿಯುತ್ತದೆಂದು ಕಿವಿಗೆ ಗೊತ್ತಾದದ್ದು ಅಂದೇ. ಮೋಡದ ನೆರಳು ಎದುರಿನ ಗುಡ್ಡವನ್ನು ಏರಿ ಆಚೆಗೆ ಇಳಿಯಿತು. ಮಡಿಲಲ್ಲಿ ಮಗಳ ಉಸಿರು ಕೇಳುತ್ತಿತ್ತು.

ಕಣಿವೆಯ ತುದಿಯ ವಿಹಾರದಲ್ಲಿ ಇಳಿದಾಗ ಮೇಷ್ಟ್ರ ಹೆಂಡತಿ ನಾದಿನಿಯ ಕೈ ಹಿಡಿದುಕೊಂಡರು. "ಮದುವೆಯಾದಾಗಿಂದ ಇವ್ರು ಇಷ್ಟು ಹೊತ್ತು ಸುಮ್ಮನಿದ್ದದ್ದು ಇದೇ ಮೊದಲು ಕಣಮ್ಮ."

ಮ್ಯಾನೇಜರಿಗೆ ಅನುಮಾನ ಹೋಗಿರಲಿಲ್ಲ. ಅಂಗಳ ಗುಡಿಸುತ್ತಿದ್ದ ಹಿರಿಯ ಭಿಕ್ಷುವಿನ ಬಳಿಗೆ ಹೋಗಿ, "ಕೈ ಎತ್ಕೊಂಡು ಮಾತಿಲ್ಲದೆ ಕಣಿವೆ ದಾಟೋದು ನಿಮ್ಮ ಪದ್ಧತಿನಾ?" ಎಂದು ಕೇಳಿಯೇಬಿಟ್ಟರು.

ಭಿಕ್ಷು ನಾದಿನಿಯ ಮುಖ ನೋಡಿದರು, ಅವಳ ಮುಷ್ಟಿಯ ನಿಂಬೆಹಣ್ಣು ನೋಡಿದರು.

"ಇಲ್ಲ, ಹಾಗೊಂದು ಪದ್ಧತಿ ನಮ್ಮಲ್ಲಿಲ್ಲ."

ನಾನು ಮಗಳನ್ನು ಎದೆಗೆ ಅವಚಿಕೊಂಡೆ.

"ಇದ್ದಿದ್ರೆ ಚೆನ್ನಾಗಿತ್ತು. ದಿನಾ ಬಸ್ಸಿಗಿಂತ ಮೊದಲು ಅದರ ಗಲಾಟೆ ಬರುತ್ತೆ. ಇವತ್ತು ನೀವು ಬಂದದ್ದೇ ಗೊತ್ತಾಗ್ಲಿಲ್ಲ." ಅಷ್ಟು ಹೇಳಿ ಮತ್ತೆ ಪೊರಕೆ ಹಿಡಿದರು.

ನಾದಿನಿಗೆ ಇನ್ನು ತಡೆಯಲಾಗಲಿಲ್ಲ. "ಸರ್, ನನಗೆ ಬಸ್ಸು ಆಗಲ್ಲ."

"ಅಂದ್ರೆ ಆ ಸ್ಟಾಪುಗಳು?"

"ಎಲ್ಲಾ ನನ್ನ ಹೊಟ್ಟೆಯವೇ ಸರ್."

"ದುರ್ಬೀನು ಇರೋದು?"

"ಅಲ್ಲಿ ಜಾಸ್ತಿ ಆಗುತ್ತೆ ಸರ್."

ಮ್ಯಾನೇಜರ್ ಕೆಂಪಾದರು. ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಬಂದು, "ಬರೋ ವಾರ ನನ್ನ ತಂಗಿ ಮನೆಯವರಿಗೆ ಸೀಟಿದೆಯಾ? ಈ ಮೌನದ ಬಸ್ಸೇ ಬೇಕು" ಎಂದು ಪಿಸುಗುಟ್ಟಿದರು. ಮ್ಯಾನೇಜರ್ ತೆರೆದ ಬಾಯನ್ನು ಮುಚ್ಚಿ, ಮೆಟ್ಟಿಲ ಮೇಲೆ ಸದ್ದಿಲ್ಲದೆ ಕೂತಿದ್ದ ಜನರನ್ನು ನೋಡಿದರು.

"ಆಯ್ತು. ಮುಂದಕ್ಕೆ ಮುಖ ಮಾಡಿ ನಿಲ್ಲಿ. ಸ್ಟಾಪೂ ಇಲ್ಲ, ಕಣಿವೆಯಲ್ಲಿ ಒಂದು ಮಾತೂ ಇಲ್ಲ. ಒಪ್ಪಿಗೆನಾ?"

"ಕೈ ಇಳಿಸಬಹುದಾ ಸರ್?"

"ಎತ್ತೇ ಇರಿ. ಚೆನ್ನಾಗಿ ಕಾಣುತ್ತೆ."

ಕೌಂಟರಿನ ಗಂಡಾಂತರ ಕಳೆಯಿತು. ಆದರೆ ಕಣಿವೆಯ ಕಥೆಗಳೇ ಅವಳ ಬಳಿ ಇದ್ದವುಗಳಲ್ಲಿ ಒಳ್ಳೆಯವು. ಹಿಂತಿರುಗುವ ದಾರಿಯಲ್ಲಿ ಅವಳ ಬೆನ್ನು ನೋಡಿದರೇ ತಿಳಿಯುತ್ತಿತ್ತು, ಒಳಗೆ ಕುಕ್ಕರಿನ ಹಾಗೆ ಒತ್ತಡ ಏರುತ್ತಿತ್ತು.

ಬೆಟ್ಟದ ಬುಡಕ್ಕೆ ಬಂದು ಬಸ್ಸು ನಿಂತಿತು. ಜನ ಚೀಲಗಳಿಗೆ ಕೈ ಹಾಕಿದರು. ನಾದಿನಿ ಗಿರಕ್ಕನೆ ತಿರುಗಿ ಮೈಕು ಕೈಗೆತ್ತಿಕೊಂಡಳು. "ಈಗ ನೀವು ನೋಡ್ಕೊಂಡು ಬಂದ್ರಲ್ಲ, ಎಡಗಡೆ ಆ ಸೀಳಿದ ಬಂಡೆ, ಅದರ ಕಥೆ ಗೊತ್ತಾ?"

ಎದ್ದವರು ಕೂತರು. ಬಾಗಿಲ ಬಳಿ ಒಂದು ಕಾಲು ಹೊರಗಿಟ್ಟಿದ್ದ ಮ್ಯಾನೇಜರ್ ಆ ಕಾಲನ್ನು ಒಳಗೆ ತಂದುಕೊಂಡರು.

"ಇದು ಬೇಗ ಮುಗಿಯೋದಲ್ಲ ಸರ್" ಎಂದು ಡ್ರೈವರಣ್ಣ ಎಂಜಿನ್ ಆಫ್ ಮಾಡಿದ.